ಅಳತೆಯ ಕಲ್ಲಿಗೆ ಇಟ್ಟ ಎಡೆ

ಆಗ ನನಗೆ ಐವತ್ತೈದು. ಇದಾಗಿ ಇಪ್ಪತ್ತೈದು ವರ್ಷ ಕಳೆದವು.

ಬೆಳಗಾವಿ ಊರ ಹೊರಗೆ ವಿಮಾನ ಇಳಿಯುವ ಬಯಲಿಗೆ ನಮ್ಮ ಹೊಲ ಹೋಯಿತು. ಅದಕ್ಕೂ ಮುಂಚೆಯೇ ಅತ್ತೆ ಸತ್ತಿದ್ದಳು. ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಸ್ವಂತ ಹೊಲದಲ್ಲೇ ಮಣ್ಣು ಮಾಡುತ್ತೇವೆ. ಹೊಲದ ಜೊತೆ ಅತ್ತೆಯೂ ಸರಕಾರಕ್ಕೆ ಹೋದಳು. ನಾವು ಖಾನಾಪುರಕ್ಕೆ ಹೋಗಿ ಹಂಚಿನ ಭಟ್ಟಿಯಲ್ಲಿ ದುಡಿದೆವು.

ಕೆಲವು ವರ್ಷ ವಿಮಾನ ಬಂದವು, ಆಮೇಲೆ ನಿಂತವು. ಡಾಂಬರು ಸೀಳಿ ಹುಲ್ಲು ಬೆಳೆಯಿತು, ತಂತಿಬೇಲಿ ಹರಿಯಿತು. ಅಂದಿನಿಂದ ವರ್ಷಕ್ಕೊಮ್ಮೆ, ಹಿರಿಯರ ಅಮಾವಾಸ್ಯೆಗೆ, ನಾನೂ ಖಾಸಬಾಗದಲ್ಲಿದ್ದ ನಾದಿನಿಯೂ ಒಳಗೆ ನುಸುಳಿ, ಅತ್ತೆಯನ್ನು ಕೂರಿಸಿದ ಗದ್ದುಗೆಯ ಕಲ್ಲಿಗೆ ವಿಭೂತಿ ಹಚ್ಚಿ, ಹೋಳಿಗೆ ಎಡೆ ಇಟ್ಟು ಬರುತ್ತಿದ್ದೆವು. ಕಲ್ಲಿನ ಮೇಲೆ ಏನೋ ಕೆತ್ತಿತ್ತು. ಮಾವ ಕೆತ್ತಿಸಿದ ಲಿಂಗವೇ ಸವೆದಿದೆ ಅಂದುಕೊಂಡಿದ್ದೆವು.

ಅಲ್ಲಿ ಹಗಲಿನಲ್ಲೂ ಮೈ ಭಾರವಾಗುತ್ತಿತ್ತು. ಯಾರೂ ಇಲ್ಲದ ಅಷ್ಟುದ್ದದ ಕರಿ ರಸ್ತೆ, ಬೆನ್ನ ಹಿಂದೆ ಅತ್ತೆಯ ಕೆಮ್ಮು. ತಿರುಗಿದರೆ ಗಾಳಿ. ನಾದಿನಿಯೂ ತಿರುಗಿ ನೋಡುತ್ತಿದ್ದಳು.

ನನಗೆ ಐವತ್ತೈದಾದ ಆ ವರ್ಷ ವಿಮಾನ ಮತ್ತೆ ಶುರುವಾಗುತ್ತವೆ ಎಂದು ಸುದ್ದಿ. ಹೋಗಿ ನೋಡಿದರೆ ಕಲ್ಲಿನ ಪಕ್ಕದಲ್ಲೇ ಸುಣ್ಣದ ಗೆರೆ ಎಳೆದಿದ್ದರು. ಎಡೆ ಇಡುವಾಗ ಮುದಿ ಕಾವಲುಗಾರ ಬಂದ.

"ಅಕ್ಕಾರ, ಯಾರಿಗಿ ಇದು ಎಡಿ?"

"ನಮ್ಮತ್ತಿಗಿ. ಅಕಿ ಗದ್ದಿಗಿ ಕಲ್ಲು ಇದು," ಎಂದೆ.

ಅವನು ನಗು ತಡೆದುಕೊಂಡ. "ಖರೇ ಹೇಳ್ಲೇನ್ರಿ? ಇದು ಸರಕಾರದ ಅಳತಿ ಕಲ್ಲು ಐತಿ, ಮ್ಯಾಲ ಕೆತ್ತಿದ್ದು ಅಳತಿ ಗುರ್ತು. ಇದನ್ನ ಹುಗಿಯೂಮುಂದ ನಾನೂ ಗುದ್ದಲಿ ಹಿಡಿದಿದ್ದೆ. ನಿಮ್ಮ ಕಲ್ಲು ಆವಾಗ್ಲೇ ಕಿತ್ತು ಒಗದಾರ. ಇಲ್ಲೇ ಎಲ್ಲೋ ಬಾಜೂಕ ಇತ್ತು, ಜಾಗಾ ನೆನಪಿಲ್ಲ."

ನಾದಿನಿ ತಾಟು ನೋಡಿದಳು. "ವೈನಿ, ನಮ್ಮವ್ವ ಇಷ್ಟ ವರ್ಷ ಉಪಾಸ ಕುಂತಾಳ. ಸರಕಾರದ ಕಲ್ಲು ಹೋಳಿಗಿ ತಿಂದೈತಿ."

"ಬದುಕಿದ್ದಾಗೂ ನನ್ನ ಹೋಳಿಗಿ ಅಕಿಗೆ ಸೇರತಿರಲಿಲ್ಲ, ಬಿಡ," ಎಂದೆ. ಕಾವಲುಗಾರನಿಗೆ ಕೇಳಿದೆ, "ಈ ಗೆರಿ ಎದಕ್ಕ?"

"ಕಂಪೌಂಡ್ ಗ್ವಾಡಿಗ್ರಿ. ನಾಳೆ ಬುನಾದಿ ತೋಡತಾರ. ಗ್ವಾಡಿ ಎದ್ದಮ್ಯಾಲ ಯಾರನ್ನೂ ಒಳಗ ಬಿಡಂಗಿಲ್ಲ."

ಕೂತವರನ್ನು ಎಬ್ಬಿಸಬಾರದು ಎಂಬುದು ನಮ್ಮಲ್ಲಿಯ ಮಾತು. ಗುದ್ದಲಿಗೆ ಅದು ತಿಳಿಯುತ್ತದೆಯೇ? ಅತ್ತೆಯ ಮೇಲೆ ನನಗೆ ಪ್ರೀತಿ ಇರಲಿಲ್ಲ, ಸುಳ್ಳೇಕೆ. ಆದರೂ ಅವಳ ಎಲುಬು ಯಾರದೋ ಬುಟ್ಟಿಯಲ್ಲಿ ಕಲ್ಲುಮಣ್ಣಿನ ಜೊತೆ ಹೋಗುವುದು ಬೇಡ ಅನಿಸಿತು.

ಮತ್ತೆ ಕೆಮ್ಮು ಕೇಳಿಸಿತು. ಈ ಸಲ ತಿರುಗಲಿಲ್ಲ. ಯಾವ ಕಡೆಯಿಂದ ಬಂತು ಎಂದು ಕಿವಿಗೊಟ್ಟೆ. ಸುಣ್ಣದ ಗೆರೆಯ ಅಡಿಯಿಂದಲೇ ಬಂದಿತ್ತು.

ಅಂದು ನಾದಿನಿಯ ಮನೆಯಲ್ಲೇ ಉಳಿದೆ. ಮರುದಿನ ಬೆಳಿಗ್ಗೆ ಖಾನಾಪುರದ ಬಸ್ಸು ಹತ್ತಲಿಲ್ಲ. ಬುನಾದಿ ಕೆಲಸಕ್ಕೆ ಬಂದ ಹೆಣ್ಣಾಳುಗಳ ಸಾಲಿನಲ್ಲಿ ಬುಟ್ಟಿ ಹಿಡಿದು ನಿಂತೆ.