ಪತ್ರೆ ಇಟ್ಟ ಪುಟ

ರುದ್ರಾಣಿ ಕಾರ್ತಿಕದ ಒಂದು ಸೋಮವಾರ ಸಂಜೆ ಚಾಮರಾಜಪೇಟೆಯ ಮನೆಯಲ್ಲಿ ತೀರಿಕೊಂಡಳು. ಐವತ್ತಾರನೇ ಇಸವಿ. ಹೃದಯ ಊದಿಕೊಂಡಿದೆ ಎಂದು ಡಾಕ್ಟರು ಯುಗಾದಿಯ ಹೊತ್ತಿಗೇ ಹೇಳಿದ್ದರು. ಮಾರನೆಯ ದಿನ ನಗರ್ತಪೇಟೆಯಲ್ಲಿ ಅವಳ ಗಂಡ ನಂಜುಂಡಯ್ಯನವರ ಜವಳಿ ಅಂಗಡಿ ಬಾಗಿಲು ತೆರೆಯಲಿಲ್ಲ. ಮಹಿಳಾ ಸಮಾಜದ ಪುಸ್ತಕದ ಬೀರುವನ್ನೂ ಯಾರೂ ತೆರೆಯಲಿಲ್ಲ.

ಬೀದಿಯವರಿಗೆ ಅವಳು ಜವಳಿ ಅಂಗಡಿಯವರ ಹೆಂಡತಿ. ಸಮಾಜದ ಹೆಂಗಸರಿಗೆ ಪತ್ರೆ ಇಡುವವಳು.

ಅದು ಶುರುವಾದದ್ದು ಯುದ್ಧದ ಕಾಲದಲ್ಲಿ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಒಲೆಯ ಮುಂದೆ ಕೂರುವ ಮುಂಚೆ ಒಂದಿಷ್ಟು ಓದುವುದು ರುದ್ರಾಣಿಯ ಅಭ್ಯಾಸ. ಒಂದು ದಿನ ಹಾಲು ಉಕ್ಕಿತೆಂದು ಎದ್ದವಳು ಕೈಗೆ ಸಿಕ್ಕ ಬಿಲ್ವಪತ್ರೆಯನ್ನೇ ಗುರುತಿಗೆ ಇಟ್ಟಳು. ಪೂಜೆಯಾದ ಪತ್ರೆಯನ್ನು ಕಸಕ್ಕೆ ಹಾಕುವಂತಿಲ್ಲ, ಕಾಲಿಗೆ ಸಿಗಿಸುವಂತಿಲ್ಲ. ಅದು ಪುಸ್ತಕದೊಳಗೇ ಉಳಿದು ಸಮಾಜಕ್ಕೆ ವಾಪಸಾಯಿತು. ಆ ಪುಸ್ತಕ ಮುಂದೆ ಹೋದದ್ದು ಗೋದಾಳ ಕೈಗೆ. ಅವಳಾಗ ಹೊಸದಾಗಿ ಮದುವೆಯಾಗಿ ಬಂದಿದ್ದಳು.

"ಇದೇನು ರುದ್ರಾಣಿಯಕ್ಕ, ನಡುವೆ ಪತ್ರೆ ಇದೆ?"

"ಅಲ್ಲೀವರ್ಗೂ ನಂಬ್ದೆ ಕಣಮ್ಮ. ಆಮೇಲೆ ಆಗ್ಲಿಲ್ಲ."

ಅಲ್ಲಿಂದ ಮುಂದೆ ಅದು ಪದ್ಧತಿಯೇ ಆಯಿತು. ಹೊಸ ಕಾದಂಬರಿ ಬಂದರೆ ಮೊದಲು ರುದ್ರಾಣಿಗೆ. ಅವಳು ಅಂಗಡಿಯ ಕಂದು ಕಾಗದದಲ್ಲಿ ಹೊದಿಕೆ ಹಾಕಿ, ಕೊನೆಯವರೆಗೂ ಓದಿ, ನಂಬಿಕೆ ನಿಂತ ಪುಟದಲ್ಲಿ ಪತ್ರೆ ಇಟ್ಟು ಕೊಡುವಳು. ಹೆಂಗಸರು ಕಥೆ ಏನೆಂದು ಕೇಳುತ್ತಿರಲಿಲ್ಲ, ಪತ್ರೆ ಎಲ್ಲಿದೆ ಎಂದು ಕೇಳುತ್ತಿದ್ದರು. ಹೀಗಾದರೆ ಪುಸ್ತಕ ಯಾರು ಒಯ್ಯುತ್ತಾರೆ ಎಂದು ಕಾರ್ಯದರ್ಶಿ ಸರಸ್ವತಮ್ಮ ಗೊಣಗಿದರು. ಆದದ್ದು ಬೇರೆ. ಮೊದಲ ಅಧ್ಯಾಯದಲ್ಲೇ ಪತ್ರೆ ಬಿದ್ದ ಪುಸ್ತಕಕ್ಕೆ ಎಲ್ಲಕ್ಕಿಂತ ಹೆಚ್ಚು ಜನ ಕಾದಿರುತ್ತಿದ್ದರು.

ಗೋದಾಳಿಗೆ ಮಾಯಾಮಂತ್ರದ ಕಾದಂಬರಿಗಳೆಂದರೆ ಪ್ರಾಣ. ಒಂದರಲ್ಲಿ ಮಾಂತ್ರಿಕನೊಬ್ಬ ರಾಜಕುಮಾರಿಯನ್ನು ಹಾರುವ ಮಂಚದ ಮೇಲೆ ಕೂರಿಸಿಕೊಂಡು ಏಳು ಸಮುದ್ರ ದಾಟಿಸಿದ್ದ. ಪತ್ರೆ ಅದೂ ಕಳೆದು ಆರನೇ ಅಧ್ಯಾಯದಲ್ಲಿತ್ತು.

"ಮಂಚ ಹಾರೋದನ್ನ ನಂಬಿಬಿಟ್ರಾ?" ಎಂದು ಗೋದಾ ರೇಗಿಸಿದಳು.

"ಅದಕ್ಕೇನು, ಹಾರ್ಲಿ. ಮಂತ್ರ ಕಲ್ತಿದಾನೆ, ಹಾರಿಸ್ತಾನೆ. ಆದ್ರೆ ಅಷ್ಟು ದೂರ ಹೋದ ಹುಡ್ಗಿ ಒಂದ್ಸಲನಾದ್ರೂ ಅಮ್ಮನ್ನ ನೆನೆಸ್ಕೋಬೇಡ್ವಾ? ಅದನ್ನ ನಾನು ನಂಬಲ್ಲ."

ಪ್ರಣಯ ಕಾದಂಬರಿಗಳ ಮೇಲೆ ಅವಳ ತಕರಾರು ಇನ್ನೂ ಹೆಚ್ಚು. ನಾಯಕರೆಲ್ಲ ಎಂ.ಎ. ಓದಿರುತ್ತಾರೆ, ಯಾರೂ ಕೆಲಸಕ್ಕೆ ಹೋಗುವುದಿಲ್ಲ. ನಾಯಕಿಯ ಜಡೆ ಮೊಣಕಾಲು ಮುಟ್ಟುತ್ತದೆ, ಸಿಕ್ಕು ಬಿಡಿಸುವವರು ಯಾರೂ ಇಲ್ಲ. "ದುಃಖ ಬಂತು ಅಂದ್ರೆ ಓಡಿಹೋಗಿ ಮಂಚದ ಮೇಲೆ ಬಿದ್ದು ಅಳ್ತಾಳೆ. ನಮ್ಮ ಕಡೆ ಮನೆಗಳಲ್ಲಿ ಹಗಲು ಹೊತ್ತು ಮಂಚ ಯಾರಿಗೆ ಖಾಲಿ ಇರುತ್ತೆ? ಅಳ್ಬೇಕು ಅಂದ್ರೆ ಬಚ್ಚಲಿಗೇ ಹೋಗ್ಬೇಕು."

ಸಮಾಜದ ಹೆಂಗಸರು ನಕ್ಕರು. ಒಬ್ಬಿಬ್ಬರು ನಗಲಿಲ್ಲ.

ಹಾಗೆಂದು ಅವಳು ಕಲ್ಲುಮನಸ್ಸಿನವಳಲ್ಲ. ಎರಡನೇ ಅಧ್ಯಾಯದಲ್ಲೇ ಪತ್ರೆ ಇಟ್ಟ ಒಂದು ಕಾದಂಬರಿಯನ್ನು ಮತ್ತೆ ಮತ್ತೆ ತರಿಸಿಕೊಂಡು ಓದಿ ಕಣ್ಣು ಕೆಂಪು ಮಾಡಿಕೊಳ್ಳುತ್ತಿದ್ದಳು. ಕೇಳಿದರೆ, "ನಂಬೋದು ಬೇರೆ, ಇಷ್ಟ ಆಗೋದು ಬೇರೆ" ಎನ್ನುತ್ತಿದ್ದಳು.

ಗಿರಿಜಾಂಬಾ ಅವಳ ಬಾಲ್ಯದ ಗೆಳತಿ, ವಿಶ್ವೇಶ್ವರಪುರಂನ ಒಂದು ಶಾಲೆಯಲ್ಲಿ ಉಪಾಧ್ಯಾಯಿನಿ. ಇಬ್ಬರೂ ಪೇಟೆಯ ಜವಳಿ ವ್ಯಾಪಾರದವರ ಮಕ್ಕಳು. ಗಿರಿಜಾಂಬಾ ಚಿಕ್ಕಂದಿನಲ್ಲಿಯೇ ವಿಧವೆಯಾಗಿದ್ದಳು. ಆಮೇಲೆ ಒಬ್ಬರು ಮೇಷ್ಟ್ರು ಅವಳನ್ನು ಮದುವೆಯಾಗುತ್ತೇನೆಂದು ಮನೆಗೆ ಬಂದು ಕೇಳಿದ್ದರು. ಅವಳ ತಂದೆ ಆಗಲಿ ಎನ್ನಲಿಲ್ಲ. ಮೇಷ್ಟ್ರು ವರ್ಗವಾಗಿ ಹೋದರು. ಈ ಸಂಗತಿ ರುದ್ರಾಣಿಯೊಬ್ಬಳಿಗೆ ಪೂರ್ತಿ ಗೊತ್ತಿತ್ತು.

ರುದ್ರಾಣಿ ತೀರಿಕೊಂಡ ವರ್ಷ ಗಿರಿಜಾಂಬಾ ಒಂದು ಕಾದಂಬರಿ ಬರೆದಳು. ತಿಂಗಳಿಗೊಂದು ಕಾದಂಬರಿ ಹೊರತರುವ ಪ್ರಕಾಶಕರೊಬ್ಬರು ಕಾರ್ತಿಕ ಮುಗಿಯುವುದರೊಳಗೆ ಕೊಟ್ಟರೆ ಅಚ್ಚಿಗೆ ಹಾಕುತ್ತೇವೆ ಎಂದಿದ್ದರು. ಅದಕ್ಕೆ ಮುಂಚೆ ರುದ್ರಾಣಿ ಓದಬೇಕು, ಓದಿ ಸರಿ ಎನ್ನಬೇಕು ಎಂಬುದು ಗಿರಿಜಾಂಬಾಳ ಆಸೆ. ಗೆಳತಿಗೆ ಹೆಚ್ಚು ಕಾಲವಿಲ್ಲವೆಂಬುದು ಅವಳಿಗೆ ಗೊತ್ತಿತ್ತು. ಹಾಳೆಗಳ ಕಟ್ಟನ್ನು ಹಾಸಿಗೆಯ ಪಕ್ಕ ಇಟ್ಟುಬಂದಳು.

"ಚೆನ್ನಾಗಿದೆ ಅಂತ ಹೇಳ್ಬಿಡೇ," ಎಂದರು ನಂಜುಂಡಯ್ಯನವರು. "ನಿನ್ನ ಗಂಟೇನು ಹೋಗುತ್ತೆ?"

"ನೀವು ಗಿರಾಕಿಗೆ ಬಣ್ಣ ಹೋಗಲ್ಲ ಅಂತ ಹೇಳ್ತೀರಲ್ಲ, ಹಾಗಾ?"

ನಂಜುಂಡಯ್ಯನವರು ಅಂಗಡಿಗೆ ಹೊರಟರು.

ಗಿರಿಜಾಂಬಾ ಮತ್ತೆ ಬಂದಾಗ ಕಟ್ಟಿನಲ್ಲಿ ಪತ್ರೆ ಇತ್ತು. ಕಥೆಯಲ್ಲಿ ಜವಳಿ ವ್ಯಾಪಾರಿಯ ಮಗಳು ಸಂಗೀತದ ಮೇಷ್ಟ್ರನ್ನು ಒಲಿಯುತ್ತಾಳೆ. ವಿಷಯ ತಿಳಿದ ತಂದೆ ಮೊದಲು ಸಿಡುಕಿ, ಆಮೇಲೆ ಮಗಳ ತಲೆ ಸವರಿ, ಕಣ್ಣೀರು ಹಾಕಿ ಒಪ್ಪುತ್ತಾನೆ. ಪತ್ರೆ ಇದ್ದದ್ದು ಅಲ್ಲಿ.

"ಜವಳಿಯವರು ಒಂದೇ ಮಾತಿಗೆ ಒಪ್ಪಿದ್ದನ್ನ ನೀನು ನೋಡಿದೀಯಾ? ಸೀರೆ ದರಕ್ಕೇ ಒಪ್ಪಲ್ಲ."

"ಕಥೆ ಕಣೆ ಇದು."

"ಮಂಚ ಹಾರೋದೂ ಕಥೆನೇ. ಅದನ್ನ ನಂಬಿದೀನಿ ನಾನು." ರುದ್ರಾಣಿ ಉಸಿರೆಳೆದುಕೊಂಡಳು. "ನಿಮ್ಮಪ್ಪ ಹೀಗೆ ಮಾಡ್ಬೇಕಿತ್ತು ಅಂತ ಬರ್ದಿದೀಯ. ಮಾಡ್ಲಿಲ್ಲ ಕಣೆ, ಗಿರಿಜೆ."

ಗಿರಿಜಾಂಬಾ ಕಟ್ಟನ್ನು ಚೀಲಕ್ಕೆ ತುರುಕಿಕೊಂಡು ಎದ್ದಳು. ದಸರೆಗೆ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ. ಕಾದಂಬರಿಯನ್ನು ಇದ್ದಂತೆಯೇ ಕೊಟ್ಟುಬಿಡುವೆನೆಂದು ಪ್ರಕಾಶಕರ ಬಾಗಿಲವರೆಗೂ ಹೋಗಿ ವಾಪಸಾದಳು. ಆ ಪುಟ ತೆಗೆದಾಗಲೆಲ್ಲ ಪತ್ರೆ ಕಣ್ಣಿಗೆ ಬೀಳುತ್ತಿತ್ತು. ಕೋಪದಲ್ಲೂ ಅದನ್ನು ಎಸೆಯುವಂತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಗೋದಾ ಶಾಲೆಗೇ ಹುಡುಕಿಕೊಂಡು ಬಂದಳು. "ರುದ್ರಾಣಿಯಕ್ಕ ಊಟ ಬಿಟ್ಟಿದಾರೆ. ನಿಮ್ಮ ಅಪ್ಪನ್ನ ಏನ್ ಮಾಡಿದ್ರಿ ಅಂತ ಕೇಳ್ತಾರೆ. ನಂಗೇನೂ ಅರ್ಥ ಆಗ್ಲಿಲ್ಲ."

ಗಿರಿಜಾಂಬಾಳಿಗೆ ಅರ್ಥವಾಯಿತು. ಆ ವಾರವೆಲ್ಲ ಕೂತು ಅಧ್ಯಾಯವನ್ನು ಹೊಸದಾಗಿ ಬರೆದಳು.

ಆ ಸೋಮವಾರ ಮಧ್ಯಾಹ್ನ ಶಾಲೆಗೆ ರಜೆ ಹಾಕಿ ಹೋದಳು. ರುದ್ರಾಣಿ ದಿಂಬಿಗೆ ಒರಗಿದ್ದಳು; ಕಾಲು ಬಾತಿತ್ತು. ಇಬ್ಬರೂ ಹಳೆಯ ಮಾತು ಎತ್ತಲಿಲ್ಲ.

"ಓದು," ಎಂದಳು ರುದ್ರಾಣಿ.

ಗಿರಿಜಾಂಬಾ ಓದಿದಳು. ಈಗ ತಂದೆ ಅಳುವುದಿಲ್ಲ, ಆಗಲಿ ಎನ್ನುವುದಿಲ್ಲ, ಆಗದು ಎಂದೂ ಹೇಳುವುದಿಲ್ಲ. ಬೆಳಿಗ್ಗೆ ಎಂದಿನಂತೆ ಪೇಟ ಸುತ್ತಿಕೊಂಡು ಅಂಗಡಿಗೆ ಹೋಗುತ್ತಾನೆ. ಬಟ್ಟೆ ಅಳೆಯುವಾಗ ಕಡ್ಡಿ ಹಿಡಿದ ಕೈ ತಪ್ಪಿ, ಗಿರಾಕಿಗೆ ಕಡಿಮೆ ಅಳತೆ ಕತ್ತರಿಸಿಬಿಡುತ್ತಾನೆ.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನಂಜುಂಡಯ್ಯನವರು ನಡುವೆ ಬಾಯಿ ಹಾಕಿದರು. "ತಪ್ಪು ಅಂದ್ಕೋಬೇಡಿ ಅಮ್ಮಾ. ಕಡಿಮೆ ಅಳೆಯಲ್ಲ. ಮನಸ್ಸು ಸರಿ ಇಲ್ದಾಗ ಕೈ ಜಾಸ್ತಿನೇ ಕೊಡುತ್ತೆ." ಹೋಗಲು ತಿರುಗಿ, "ಕೊಟ್ಟಿದೀನಿ, ಈ ತಿಂಗಳು," ಎಂದು ಒಳಗೆ ಹೋದರು.

ರುದ್ರಾಣಿ ಅವರು ಹೋದ ಕಡೆ ನೋಡುತ್ತಿದ್ದಳು. "ಹಾಗೇ ಬರಿ," ಎಂದಳು.

ಗಿರಿಜಾಂಬಾ ಅಲ್ಲೇ ಪೆನ್ಸಿಲಿನಿಂದ ತಿದ್ದಿ, ತಿದ್ದಿದ ಸಾಲನ್ನು ಮತ್ತೆ ಓದಿದಳು. ಕೊನೆಯಲ್ಲಿ ಮಗಳು ಬುತ್ತಿ ತಂದಾಗ ತಂದೆ ಅವಳನ್ನು ನೋಡದೆ, ಅವಳು ಕೂರಲೆಂದು ಚಾಪೆಯ ತುದಿಯನ್ನು ಕೊಡವಿ ಬಿಡಿಸುತ್ತಾನೆ. ಅಷ್ಟೆ. ಓದಿ ಮುಗಿಸಿ ಗೆಳತಿಯ ಮುಖ ನೋಡಿದಳು.

ರುದ್ರಾಣಿ ಕಟ್ಟಿಗಾಗಿ ಕೈ ಚಾಚಿದಳು. ತೊಡೆಯ ಮೇಲಿಟ್ಟುಕೊಂಡು, ಹಳೆಯ ಪತ್ರೆಯನ್ನು ತೆಗೆದು ಕಣ್ಣಿಗೊತ್ತಿಕೊಂಡಳು. ಅದು ಒಣಗಿ ಕಂದಾಗಿತ್ತು, ಒಂದು ದಳ ಮುರಿದಿತ್ತು. ಆಮೇಲೆ ನಿಧಾನವಾಗಿ ಹಾಳೆಗಳನ್ನು ಮುಂದಕ್ಕೆ ಸರಿಸುತ್ತ ಹೋದಳು. ಮದುವೆಯ ಚಪ್ಪರದಲ್ಲಿ ಬೀಗರೆಲ್ಲ ನಗುನಗುತ್ತ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುವ ಪುಟ ಬಂದಿತು. ಅಲ್ಲಿ ಅದೇ ಪತ್ರೆ ಇಟ್ಟು, ಕಟ್ಟು ಮುಚ್ಚಿ, ಗಿರಿಜಾಂಬಾಳ ಕೈಗೆ ಕೊಟ್ಟಳು.