ಹೊಗೆಸೊಪ್ಪಿನೊಳಗಿನ ಗರಿಕೆ

ಹುಣಸೂರಿನ ಹತ್ತಿರ ಕನಕರಾಜು ಹೊಗೆಸೊಪ್ಪು ಬೆಳೆಯುತ್ತಿದ್ದ. ಬ್ಯಾರನ್ನಿನ ಒಣಗೂಡಿನಲ್ಲಿ ಬೆಂದ ಸೊಪ್ಪನ್ನು ಬಣ್ಣ ನೋಡಿ ಬೇರೆ ಮಾಡುತ್ತ ಅವನ ಶೆಡ್ಡಿನಲ್ಲಿ ಕೂಲಿಯ ಚಿಕ್ಕಬೀರಮ್ಮ ಆ ಊರಿಗೆ ಮದುವೆಯಾಗಿ ಬಂದಾಗಿನಿಂದ ಕೂತಿದ್ದಳು. ಗಂಡ ತೀರಿಕೊಂಡ ಮೇಲಂತೂ ಅವಳಿಗೆ ಅನ್ನವೂ ಅಲ್ಲೇ, ನಾಲ್ಕು ಮಾತೂ ಅಲ್ಲೇ.

ರಾಗಿ ರಾಶಿಗೆ ಮಾಡಿದ ಹಾಗೆ, ಸೊಪ್ಪನ್ನು ಒತ್ತಿ ಕಟ್ಟಿದ ವರ್ಷದ ಮೊದಲ ಬೇಲ್‌ಗೂ ಪೂಜೆ. ಸಗಣಿಯ ಬೆನಕನನ್ನು ಇಟ್ಟು, ಅವನ ನೆತ್ತಿಯ ಗರಿಕೆಯನ್ನೂ ಚಿಟಿಕೆ ಕುಂಕುಮವನ್ನೂ ಸೊಪ್ಪಿನ ನಡುವೆ ಸೇರಿಸಿ ಕಟ್ಟುವುದು. ಚಿಕ್ಕಬೀರಮ್ಮನಿಗೆ ಇದು ಕನಕರಾಜುವಿನ ತಾಯಿ ಹೇಳಿಕೊಟ್ಟದ್ದು. ಚಿಕ್ಕಬೀರಮ್ಮ ಕಟ್ಟುವಾಗ ಅವನೂ ಕೈ ಮುಗಿದು ನಿಲ್ಲುತ್ತಿದ್ದ.

ಎರಡು ಸಾವಿರದ ಎರಡರಲ್ಲಿ ಹರಾಜು ಕಟ್ಟೆಯ ತುಂಬ ಒಂದೇ ಸುದ್ದಿ. ಜಿಂಬಾಬ್ವೆ ದೇಶದಲ್ಲಿ ಬೆಳೆ ಕೈಕೊಟ್ಟಿದೆಯಂತೆ, ಇಂಗ್ಲೆಂಡಿನವರು ನಮ್ಮ ಸೊಪ್ಪಿಗೇ ಬರುತ್ತಾರಂತೆ, ಎರಡೂ ಸರ್ಕಾರದವರು ಕೂತು ಮಾತಾಡಿದ್ದಾರಂತೆ. ಕೊಳ್ಳಲು ಬಂದ ಇಂಗ್ಲೆಂಡಿನವರು ಕನಕರಾಜುವಿನ ಬೇಲ್‌ ಬಿಚ್ಚಿಸಿದರು. ಹುಲ್ಲು, ಕೆಂಪು ಪುಡಿ. ಸೊಪ್ಪಲ್ಲದ್ದು ಒಂದೆಳೆ ಸಿಕ್ಕರೂ ಬೇಡವೆಂದು ಅವರ ಕರಾರು. ಕನಕರಾಜುವಿನ ಅಷ್ಟೂ ಮಾಲು ವಾಪಸಾಯಿತು.

ಯಾರ ಕೆಲಸವೆಂದು ಹರಾಜು ಕಟ್ಟೆಯ ಆಫೀಸರು ಕೇಳಿದಾಗ ಅವನು ಪಕ್ಕದಲ್ಲೇ ನಿಂತಿದ್ದ ಚಿಕ್ಕಬೀರಮ್ಮನ ಕಡೆ ತಿರುಗಲಿಲ್ಲ. "ಯಾರೋ ಕೂಲಿಯೋಳು ಸ್ವಾಮಿ. ನಂಗೆ ಗೊತ್ತಿಲ್ದಂಗೆ ತುರುಕ್ಬುಟ್ಟವ್ಳೆ."

ಮಾರನೆಯ ದಿನ ಅವಳ ಜಾಗದಲ್ಲಿ ಇನ್ನೊಬ್ಬಳು ಕೂತಿದ್ದಳು. ಚಿಕ್ಕಬೀರಮ್ಮ ಕೇರಳದವರ ಶುಂಠಿ ಹೊಲಕ್ಕೆ ಕೂಲಿಗೆ ಹೋದಳು.

ಮರುವರ್ಷ ಕನಕರಾಜು ತಾನಾಗಿ ಅವಳ ಬಾಗಿಲಿಗೆ ಬಂದ. ಇಂಗ್ಲೆಂಡಿನ ಅತಿಥಿಗಳು ಬರುತ್ತಾರೆ, ನಮ್ಮ ಪದ್ಧತಿಯ ಬೇಲ್‌ ಪೂಜೆ ನೋಡಬೇಕಂತೆ, ಪೇಪರಿನವರೂ ಬರುತ್ತಾರೆ ಎಂದ.

"ಸೊಪ್ಪಿನ ಕೆಲ್ಸಕ್ಕೂ ಬರ್ಲಾ ಯಜಮಾನ್ರೇ?"

"ಮೊದ್ಲು ಇದು ಮುಗೀಲಿ ಬಾ ಕಣವ್ವ."

ಅವಳು ಅದನ್ನೇ ಹೂಂ ಎಂದುಕೊಂಡಳು. ಒಗೆದ ಸೀರೆ ಉಟ್ಟು ಹೋಗಿ ಬೆನಕನನ್ನಿಟ್ಟಳು. ಗರಿಕೆ ಸಿಕ್ಕಿಸಲು ಬೇಲ್‌ಗೆ ಬೆರಳು ತೂರಿಸಿದರೆ ಮೇಲಷ್ಟೇ ಸೊಪ್ಪು, ಒಳಗೆಲ್ಲ ಭತ್ತದ ಹುಲ್ಲು.

"ನೋಡೋಕ್ ತಾನೆ, ಸುಮ್ಕಿರು," ಅಂದ ಕನಕರಾಜು.

ಬಿಳಿಯ ಹೆಂಗಸು ಹಣೆಗೆ ಕುಂಕುಮ ಇಡಿಸಿಕೊಂಡು ಆ ಹುಲ್ಲಿಗೆ ಕೈ ಮುಗಿದಳು. ಹೋದ ವರ್ಷ ಮಾಲು ವಾಪಸು ಮಾಡಿಸಿದ ಆಫೀಸರೇ ಪಕ್ಕದಲ್ಲಿ ನಿಂತು ಇದು ನಮ್ಮ ಸಂಸ್ಕೃತಿ ಎಂದು ವಿವರಿಸಿದರು. ಫೋಟೋ ತೆಗೆಯುವಾಗ ಚಿಕ್ಕಬೀರಮ್ಮನನ್ನು ಪಕ್ಕಕ್ಕೆ ಸರಿಸಿದರು.

ಕಾರುಗಳು ಹೋದ ಮೇಲೆ ಅವಳು ನಾಳೆಯಿಂದ ಬರಲೇ ಎಂದು ಕೇಳಿದಳು. ಅವನು ರಸ್ತೆ ನೋಡುತ್ತ ಅಂದ, "ಶೆಡ್ಡಿಗೆ ನೀನು ಬ್ಯಾಡ. ಹೋದ್ವರ್ಷ ಗರಿಕೆ ಇಟ್ಟೋಳು ನೀನೇ ಅಂತ ಅವ್ರಿಗೆ ಗೊತ್ತಾದ್ರೆ ನನ್ ಸೊಪ್ಪ ಮುಟ್ಟಲ್ಲ."

"ಹುಲ್ಲಿಗೆ ಪೂಜೆ ಮಾಡಿಸ್ಕಂಡ್ರಲ್ಲ, ಅಷ್ಟೇ ಸಾಕು ಬುಡಿ," ಎಂದು ಅವಳು ಬೆನಕನ ನೆತ್ತಿಯ ಗರಿಕೆಯನ್ನು ಕಿತ್ತು ಸೆರಗಿಗೆ ಕಟ್ಟಿಕೊಂಡು, ಶುಂಠಿ ಹೊಲದ ಟೆಂಪೋ ಹತ್ತಿದಳು.