ಖಾಲಿ ಹಲಗೆಯ ಸಪ್ಪಳ

ತಿರ್ಲಾಪುರದಲ್ಲಿ ನಮ್ಮ ಬಾಜೂಮನೆಯ ಆಯಿ ದಿನಾ ಬೆಳಿಗ್ಗೆ ಪಡಸಾಲೆಯಲ್ಲಿ ಕೂತು, ಒಳಗೆ ಸೊಸೆ ರೊಟ್ಟಿ ಬಡಿಯುವ ಸಪ್ಪಳಕ್ಕೆ ಕಿವಿ ಕೊಡುತ್ತಿದ್ದಳು. ತುಸು ತಡವಾದರೂ ಸಾಕು, ತಾನೇ ಬಡಿಯಲು ಹೊರಟವಳಂತೆ ಕುಬಸದ ತೋಳು ಮೇಲೇರಿಸಿ ಕೂಗುತ್ತಿದ್ದಳು: “ಸಪ್ಪಳ ಕೇಳವಲ್ದು!”

ಸೊಸೆ ಅಂಗನವಾಡಿ ಟೀಚರ್, ಒಂಬತ್ತಕ್ಕೆ ಮನೆ ಬಿಡಬೇಕು. ಒಂದು ದಿನ ಮೊಸರು ಕೇಳಲು ಹಿತ್ತಲ ಬಾಗಿಲಿಂದ ಹೋದೆ. ಆಕೆ ನವಲಗುಂದದಿಂದ ತಂದ ಮಷಿನ್ ರೊಟ್ಟಿಯನ್ನು ಹಂಚಿನ ಮೇಲೆ ಬಿಸಿ ಮಾಡುತ್ತ, ಇನ್ನೊಂದು ಕೈಯಿಂದ ಖಾಲಿ ರೊಟ್ಟಿ ಹಲಗೆಯನ್ನು ಪಟಪಟ ಬಡಿಯುತ್ತಿದ್ದಳು! ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟಳು. ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆವು.

ನನ್ನ ಬಾಯಿ ಸುಮ್ಮನಿರಬೇಕಲ್ಲ. ಆಯಿಯನ್ನೂ ನಗಿಸುವ ಹುಮ್ಮಸ್ಸಿನಲ್ಲಿ, ಪಡಸಾಲೆಗೆ ಬಂದು ಸೊಸೆಯ ಎದುರಿಗೇ ಗುಟ್ಟು ಹೇಳಿಬಿಟ್ಟೆ.

ಆಯಿ ನಗಲಿಲ್ಲ. “ಗೊತ್ತಿತ್ತವ್ವಾ. ತಿನ್ನಾಕಿಗೆ ಮಷಿನ್ ರೊಟ್ಟಿ ತಿಳಿಯೂದಿಲ್ಲೇನು? ನಮ್ಮತ್ತಿ ಹೊರಗ ಕುಂತು ಸಪ್ಪಳ ಎಣಸ್ತಿದ್ಲು. ಕೈ ಸೋತಾಗ ನಾನೂ ಖಾಲಿ ಹಲಗಿ ಬಡದಾಕಿನ. ಇಕಿ ಖಾಲಿ ಬಡದ್ರೂ ನನ್ನ ಸಲುವಾಗಿ ಬಡೀತಾಳಲ್ಲಾ ಅಂತ ಸುಮ್ಮನಿದ್ದೆ. ನೀ ಯಾಕ ಬಾಯಿ ಬಿಟ್ಟಿ?”

ಸೊಸೆ ತಲೆ ತಗ್ಗಿಸಿ ಒಳಗೆ ಹೋದಳು.

ಮರುದಿನದಿಂದ ಆ ಮನೆಯಲ್ಲಿ ಸಪ್ಪಳವಿಲ್ಲ. ಆಯಿ ಪಡಸಾಲೆಯಲ್ಲಿ ಕೂತೇ ಇರುತ್ತಿದ್ದಳು, ಕುಬಸದ ತೋಳು ಮಾತ್ರ ಮೇಲೇರುತ್ತಿರಲಿಲ್ಲ. ಇವತ್ತಾದರೂ ಒಮ್ಮೆ “ಕೇಳವಲ್ದು” ಎಂದು ಕೂಗಿಯಾಳೇನೋ ಎಂದು, ಈ ಕಡೆಯಿಂದ ನಾನು ಗೋಡೆಗೆ ಕಿವಿ ಹಚ್ಚಿ ನಿಲ್ಲುತ್ತಿದ್ದೆ.